ಫೋಟೊ ಎಲ್ಲಿರಬೇಕು: ಡೇಟಾಬೇಸಿನ ಒಳಗೋ, ಹೊರಗೋ?

ಪಾಸ್‌ಪೋರ್ಟ್ ಅಳತೆಯ ಫೋಟೊ ಎಂದರೆ 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರ. ಅಂಗುಲಕ್ಕೆ 300 ಚುಕ್ಕಿಯಂತೆ ಲೆಕ್ಕ ಹಾಕಿದರೆ 413ಕ್ಕೆ 531 ಪಿಕ್ಸೆಲ್. ಜೆಪೆಗ್ ಆಗಿ ಉಳಿಸಿದರೆ ಅದರ ತೂಕ ಸುಮಾರು 50 ಕೆಬಿ. 1,500 ಮಕ್ಕಳಿರುವ ಶಾಲೆಯ ಗುರುತಿನ ಚೀಟಿಗೆ ಬೇಕಾದ ಅಷ್ಟೂ ಫೋಟೊ ಸೇರಿ 75 ಎಂಬಿ ಆಗಬೇಕು. ಅತಿ ಅಗ್ಗದ ಪೆನ್‌ಡ್ರೈವ್‌ನಲ್ಲೂ ಅದಕ್ಕೆ ಧಾರಾಳ ಜಾಗವಿದೆ. ಆದರೆ ಅದೇ ಫೋಟೊಗಳನ್ನು ಮೈಕ್ರೊಸಾಫ್ಟ್ ಆಕ್ಸೆಸ್‌ನ ಟೇಬಲ್ಲಿನಲ್ಲಿ, ‘ಓಎಲ್‌ಇ ಆಬ್ಜೆಕ್ಟ್’ ಎಂಬ ಫೀಲ್ಡಿಗೆ ಒಂದೊಂದಾಗಿ ಸೇರಿಸುತ್ತ ಹೋದರೆ ಕೊನೆಗೆ ಸಿಗುವ ಡೇಟಾಬೇಸ್ ಫೈಲು ಒಂದು ಜಿಬಿ ದಾಟಿರುತ್ತದೆ. ತೆರೆಯಲು ತಡ, ಹುಡುಕಲು ತಡ. ಇನ್ನೊಂದು ವರ್ಷದ ಮಕ್ಕಳನ್ನು ಸೇರಿಸುವ ಹೊತ್ತಿಗೆ ಫೈಲು ತನ್ನ ಗರಿಷ್ಠ ಮಿತಿಯನ್ನೇ ಮುಟ್ಟಿ ನಿಂತಿರುತ್ತದೆ.

75 ಎಂಬಿ ಒಂದು ಜಿಬಿ ಆದದ್ದು ಹೇಗೆ? ಜೆಪೆಗ್ ಕಳೆದು ಬಿಟ್ಮ್ಯಾಪ್ ಆದರೆ ಪ್ರತಿ ಪಿಕ್ಸೆಲ್ಲಿಗೂ ಮೂರು ಬೈಟ್ ಬೇಕು. 413ನ್ನು 531ರಿಂದ ಗುಣಿಸಿ, ಮತ್ತೆ ಮೂರರಿಂದ ಗುಣಿಸಿದರೆ 6,57,909 ಬೈಟ್. ಅದನ್ನು 1,500ರಿಂದ ಗುಣಿಸಿ ನೋಡಿ, ಉತ್ತರ ಅಲ್ಲೇ ಇದೆ. ಫೋಟೊ ಜೊತೆಗೆ ಅದರ ಬಿಟ್ಮ್ಯಾಪ್ ನಕಲೊಂದನ್ನೂ ಡೇಟಾಬೇಸ್ ತುಂಬಿಕೊಂಡಿದೆ. ಸೇರಿಸಿದವರಿಗೆ ಅದನ್ನು ಯಾರೂ ಹೇಳಲಿಲ್ಲ. ಪರದೆಯ ಮೇಲೆ ಕಾಣುವುದು ಒಂದೇ ಫೋಟೊ.

ಡೆಸ್ಕ್‌ಟಾಪ್ ಡೇಟಾಬೇಸಿನಲ್ಲಿ ಚಿತ್ರಗಳನ್ನು ಇಡುವುದು ಹೇಗೆ ಎಂಬ ಪ್ರಶ್ನೆಗೆ ಮೂವತ್ತು ವರ್ಷಗಳ ಇತಿಹಾಸವಿದೆ. ಶಾಲೆ, ಸಹಕಾರ ಸಂಘ, ಸಣ್ಣ ಆಸ್ಪತ್ರೆ, ಹಸ್ತಪ್ರತಿ ಸಂಗ್ರಹಿಸುವವರು, ಊರಿನ ಹಳೆಯ ಫೋಟೊ ಕೂಡಿಡುವವರು, ಎಲ್ಲರೂ ಒಂದಲ್ಲ ಒಂದು ದಿನ ಇದನ್ನು ಎದುರಿಸಿದ್ದಾರೆ. ಎಲ್ಲರಿಗೂ ಬರುವ ಗೊಂದಲ ಒಂದೇ: ಫೋಟೊವನ್ನೇ ಡೇಟಾಬೇಸಿನೊಳಗೆ ಹಾಕಬೇಕೆ, ಅಥವಾ ಫೋಲ್ಡರಿನಲ್ಲಿಟ್ಟು ಅದರ ವಿಳಾಸವನ್ನು ಮಾತ್ರ ಬರೆದಿಟ್ಟುಕೊಳ್ಳಬೇಕೆ? ನನಗೆ ಇದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ ಅನ್ನಿಸುತ್ತದೆ. ಡೇಟಾಬೇಸಿನ ಪ್ರೋಗ್ರಾಂ ಕೈಕೊಟ್ಟ ದಿನ ಫೋಟೊ ಹೇಗೆ ಹೊರಬರುತ್ತದೆ? ವೇಗ, ಗಾತ್ರ, ಅನುಕೂಲ ಎಲ್ಲವೂ ಆಮೇಲಿನ ಮಾತು. ಆಕ್ಸೆಸ್‌ನ ಕಥೆಯನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅತಿ ಹೆಚ್ಚು ಫೋಟೊಗಳು ಸಿಕ್ಕಿಹಾಕಿಕೊಂಡಿರುವುದು ಅಲ್ಲಿಯೇ.

ಆಕ್ಸೆಸ್ ಹೊರಬಂದದ್ದು 1992ರ ನವೆಂಬರಿನಲ್ಲಿ. ಒಂದು ಪ್ರೋಗ್ರಾಮಿನ ದಾಖಲೆಯೊಳಗೆ ಇನ್ನೊಂದರ ವಸ್ತುವನ್ನು ಕೂರಿಸುವ ಓಎಲ್‌ಇ ತಂತ್ರ ಆಗ ಮೈಕ್ರೊಸಾಫ್ಟ್‌ನ ಹೆಮ್ಮೆಯಾಗಿತ್ತು. ವರ್ಡ್ ಕಾಗದದೊಳಗೆ ಎಕ್ಸೆಲ್ ಪಟ್ಟಿ, ಆಕ್ಸೆಸ್ ಟೇಬಲ್ಲಿನೊಳಗೆ ಪೇಂಟ್ ಚಿತ್ರ. ಎರಡು ಸಲ ಕ್ಲಿಕ್ ಮಾಡಿದರೆ ಅದನ್ನು ಸೃಷ್ಟಿಸಿದ ಪ್ರೋಗ್ರಾಮೇ ಎದ್ದು ಬರಬೇಕು. ಇದಕ್ಕಾಗಿ ಪ್ರತಿ ಚಿತ್ರಕ್ಕೂ ಒಂದು ಹೊದಿಕೆ ಬೇಕಾಯಿತು. ಇದು ಯಾವ ಪ್ರೋಗ್ರಾಮಿನ ವಸ್ತು, ಅದರ ಮೂಲ ಬೈಟುಗಳು ಯಾವುವು, ಆ ಪ್ರೋಗ್ರಾಂ ಇಲ್ಲದಾಗ ತೋರಿಸಲು ಪರದೆಯ ಚಿತ್ರ ಯಾವುದು ಎಂಬುದೆಲ್ಲ ಅದರೊಳಗಿತ್ತು. ಆ ಮೂರನೆಯದೇ ಬಿಟ್ಮ್ಯಾಪ್ ನಕಲು. ಫೋಟೊವನ್ನು ಒಳಗೆ ಕೂರಿಸದೆ ಓಎಲ್‌ಇ ಮೂಲಕ ‘ಲಿಂಕ್’ ಮಾಡಿದರೂ ಈ ನಕಲು ತಪ್ಪುವುದಿಲ್ಲ. ಲಿಂಕ್ ಮಾಡಿದರೆ ಫೈಲು ಹಗುರವಾದೀತು ಎಂದು ನಂಬಿದವರಿಗೂ ಅದೇ ಭಾರ ಬಿತ್ತು.

ಈ ಹೊದಿಕೆಯ ಗುರುತು ಇಂದಿಗೂ ಒಂದು ಪ್ರಸಿದ್ಧ ಮಾದರಿಯಲ್ಲಿ ಉಳಿದಿದೆ. ಮೈಕ್ರೊಸಾಫ್ಟ್ ತನ್ನ ಡೇಟಾಬೇಸುಗಳ ಜೊತೆ ಕಲಿಕೆಗೆಂದು ಕೊಡುತ್ತಿದ್ದ ‘ನಾರ್ತ್‌ವಿಂಡ್’ ಎಂಬ ಮಾದರಿ ಡೇಟಾಬೇಸನ್ನು ಪ್ರೋಗ್ರಾಮಿಂಗ್ ಕಲಿತವರಲ್ಲಿ ಬಹಳ ಮಂದಿ ನೋಡಿರುತ್ತಾರೆ. ಅದರ ಎಸ್‌ಕ್ಯೂಎಲ್ ಸರ್ವರ್ ಆವೃತ್ತಿಯಲ್ಲಿ ನೌಕರರ ಫೋಟೊ ಒಂದು ಫೀಲ್ಡಿನಲ್ಲಿದೆ. ಅದನ್ನು ಓದಿ ನೇರವಾಗಿ ಪರದೆಗೆ ಕಳಿಸಿದರೆ ಚಿತ್ರ ಮೂಡುವುದಿಲ್ಲ. ಮೊದಲ 78 ಬೈಟುಗಳನ್ನು ಕತ್ತರಿಸಿ ಎಸೆದು, ಮಿಕ್ಕದ್ದನ್ನು ಕಳಿಸಿದರೆ ಬಿಟ್ಮ್ಯಾಪ್ ಸರಿಯಾಗಿ ಕಾಣುತ್ತದೆ. ಆ 78 ಬೈಟು ಆಕ್ಸೆಸ್ ಕಾಲದ ಓಎಲ್‌ಇ ಹೊದಿಕೆ. ಕಲಿಸುವ ಪಾಠಗಳಲ್ಲಿ 78 ಎಂಬ ಅಂಕಿ ಮಂತ್ರದಂತೆ ಬಂದುಹೋಗುತ್ತದೆ, ಕಾರಣ ಹೇಳುವವರು ಕಡಿಮೆ. ಇನ್ನೂ ಗಮನಿಸಬೇಕಾದದ್ದು, ಆಕ್ಸೆಸ್ 2000ರ ಹೊತ್ತಿಗೆ ನಾರ್ತ್‌ವಿಂಡ್‌ನ ಆಕ್ಸೆಸ್ ಆವೃತ್ತಿಯಲ್ಲಿ ನೌಕರರ ಫೋಟೊ ಫೀಲ್ಡು ಬರೀ ಅಕ್ಷರದ ಫೀಲ್ಡಾಗಿತ್ತು. ಅಲ್ಲಿದ್ದದ್ದು ಬಿಟ್ಮ್ಯಾಪ್ ಫೈಲಿನ ಹೆಸರು ಮಾತ್ರ. ಓಎಲ್‌ಇಯನ್ನು ತಂದವರೇ ತಮ್ಮ ಮಾದರಿಯಲ್ಲಿ ಫೋಟೊವನ್ನು ಹೊರಗಿಟ್ಟರು.

ಗಾತ್ರಕ್ಕಿಂತ ದೊಡ್ಡ ಅಪಾಯ ‘ಸೃಷ್ಟಿಸಿದ ಪ್ರೋಗ್ರಾಂ’ ಎಂಬ ಅವಲಂಬನೆಯಲ್ಲಿತ್ತು. ಆಫೀಸ್ 97ರಿಂದ ಆಫೀಸ್ ಎಕ್ಸ್‌ಪಿವರೆಗೆ ‘ಮೈಕ್ರೊಸಾಫ್ಟ್ ಫೋಟೊ ಎಡಿಟರ್’ ಎಂಬ ಸಣ್ಣ ಪ್ರೋಗ್ರಾಂ ಜೊತೆಗೆ ಬರುತ್ತಿತ್ತು. ಜೆಪೆಗ್ ಚಿತ್ರಗಳನ್ನು ಓಎಲ್‌ಇ ಫೀಲ್ಡಿಗೆ ಸೇರಿಸುವಾಗ ಅದೇ ಸಹಾಯಕ್ಕೆ ಬರುತ್ತಿತ್ತು. ಆಫೀಸ್ 2003ರಲ್ಲಿ ಅದನ್ನು ಕೈಬಿಟ್ಟರು. ಕಂಪ್ಯೂಟರ್ ಬದಲಾಯಿಸಿದ ಕಚೇರಿಗಳಲ್ಲಿ ಹೊಸದಾಗಿ ಸೇರಿಸಿದ ಫೋಟೊಗಳ ಜಾಗದಲ್ಲಿ ಮುಖವಿಲ್ಲ, ಬರೀ ಒಂದು ಐಕಾನ್ ಮತ್ತು ಫೈಲಿನ ಹೆಸರು. ಡೇಟಾಬೇಸ್ ಅದೇ, ಫಾರ್ಮು ಅದೇ, ಫೋಟೊ ತೆಗೆದ ಕ್ಯಾಮೆರಾ ಕೂಡ ಅದೇ. ಇದನ್ನು ಅನುಭವಿಸಿದವರಿಗೆ ಡೇಟಾಬೇಸಿನೊಳಗೆ ಫೋಟೊ ಎಂಬ ಮಾತಿನ ಮೇಲೇ ಭಯ ಹುಟ್ಟಿದ್ದರೆ ಅದು ಸಹಜ.

ಆದರೆ ಆ ಭಯವನ್ನೇ ಸಿದ್ಧಾಂತ ಮಾಡಿಕೊಳ್ಳಬಾರದು. ಕೆಟ್ಟದ್ದಾಗಿದ್ದು ಹೊದಿಕೆ. ಬೈಟುಗಳನ್ನು ಹಾಗೆಯೇ ಇಡುವುದರಲ್ಲಿ ದೋಷವಿಲ್ಲ. ಅದೇ ಓಎಲ್‌ಇ ಫೀಲ್ಡಿಗೆ ನಾಲ್ಕು ಸಾಲಿನ ಕೋಡ್ ಬರೆದು ಜೆಪೆಗ್ ಫೈಲಿನ ಬೈಟುಗಳನ್ನು ನೇರವಾಗಿ ತುಂಬಿದರೆ 50 ಕೆಬಿ ಫೋಟೊ 50 ಕೆಬಿಯಾಗಿಯೇ ಉಳಿಯುತ್ತದೆ, ಹೊದಿಕೆಯೂ ಇಲ್ಲ, ಬಿಟ್ಮ್ಯಾಪ್ ನಕಲೂ ಇಲ್ಲ. ಫಾರ್ಮಿನ ಮೇಲೆ ತೋರಿಸಲು ಅದನ್ನು ತಾತ್ಕಾಲಿಕ ಫೈಲಾಗಿ ಬರೆದು ಇಮೇಜ್ ಕಂಟ್ರೋಲಿಗೆ ಕೊಡಬೇಕಾಗುತ್ತದೆ, ಅಷ್ಟೇ ತೊಂದರೆ. ಈ ದಾರಿ ಆಗಲೂ ಇತ್ತು. ಮೌಸಿನಿಂದ ‘ಇನ್ಸರ್ಟ್ ಆಬ್ಜೆಕ್ಟ್’ ಒತ್ತುವವರಿಗೆ ಅದು ತಿಳಿಯುವ ಅವಕಾಶವಿರಲಿಲ್ಲ.

2007ರ ಆಕ್ಸೆಸ್‌ನಲ್ಲಿ ‘ಅಟ್ಯಾಚ್‌ಮೆಂಟ್’ ಎಂಬ ಹೊಸ ಬಗೆಯ ಫೀಲ್ಡು ಬಂತು. ಇದು ದೊಡ್ಡ ಸುಧಾರಣೆ. ಫೈಲು ಹೇಗಿದೆಯೋ ಹಾಗೆ ಒಳಗೆ ಕೂರುತ್ತದೆ, ಬಿಟ್ಮ್ಯಾಪ್ ನಕಲು ಹುಟ್ಟುವುದಿಲ್ಲ. ಬಿಎಂಪಿಯಂಥ ಕುಗ್ಗಿಸದ ಫೈಲನ್ನು ಹಾಕಿದರೆ ಆಕ್ಸೆಸ್ ತಾನೇ ಕುಗ್ಗಿಸಿ ಇಡುತ್ತದೆ, ಮೊದಲೇ ಕುಗ್ಗಿರುವ ಜೆಪೆಗ್ ಅನ್ನು ಮುಟ್ಟುವುದಿಲ್ಲ. ಒಂದು ರೆಕಾರ್ಡಿಗೆ ಹಲವು ಫೈಲು ಸೇರಿಸಬಹುದು, ಒಂದೊಂದೂ 256 ಎಂಬಿವರೆಗೆ. ಆದರೆ ಇಡೀ ಡೇಟಾಬೇಸ್ ಫೈಲಿನ ಮಿತಿ ಮಾತ್ರ ಕದಲಲಿಲ್ಲ. ಆಕ್ಸೆಸ್ 97ರಲ್ಲಿ ಒಂದು ಜಿಬಿ ಇದ್ದದ್ದು 2000ದಲ್ಲಿ ಎರಡು ಜಿಬಿ ಆಯಿತು, ಇಂದಿಗೂ ಎರಡೇ ಜಿಬಿ. ಫೋನಿನ 12 ಮೆಗಾಪಿಕ್ಸೆಲ್ ಫೋಟೊ ನಾಲ್ಕು ಎಂಬಿ ಇದೆ ಎಂದುಕೊಂಡರೆ ಅಟ್ಯಾಚ್‌ಮೆಂಟಿನಲ್ಲಿ 500 ಫೋಟೊ ಹಿಡಿಯುತ್ತದೆ. ಓಎಲ್‌ಇ ಆಗಿದ್ದರೆ ಪ್ರತಿ ಫೋಟೊದ ಬಿಟ್ಮ್ಯಾಪೇ 36 ಎಂಬಿ, ಸುಮಾರು ಐವತ್ತನೆಯ ಫೋಟೊ ಹೊತ್ತಿಗೆ ಬಾಗಿಲು ಮುಚ್ಚುತ್ತದೆ. ಅಟ್ಯಾಚ್‌ಮೆಂಟಿಗೆ ಇನ್ನೊಂದು ಕೊರತೆ ಇದೆ. ಒಳಗಡೆ ಅದು ಕಣ್ಣಿಗೆ ಕಾಣದ ಇನ್ನೊಂದು ಟೇಬಲ್. ಮುಂದೆ ಎಸ್‌ಕ್ಯೂಎಲ್ ಸರ್ವರ್‌ಗೆ ಹೋಗಬೇಕೆಂದಾಗ ಅದಕ್ಕೆ ಸಮನಾದ ಬಗೆ ಅಲ್ಲಿಲ್ಲ, ಫೈಲುಗಳನ್ನು ಒಂದೊಂದಾಗಿ ಹೊರತೆಗೆದೇ ಸಾಗಬೇಕು.

ಅಳಿಸಿದ ಫೋಟೊದ ಜಾಗ ತಕ್ಷಣ ವಾಪಸು ಬರುವುದಿಲ್ಲ ಎಂಬುದನ್ನೂ ಹೇಳಬೇಕು. ನೂರು ಫೋಟೊ ಅಳಿಸಿದರೂ ಫೈಲಿನ ಗಾತ್ರ ಹಾಗೆಯೇ ಇರುತ್ತದೆ. ‘ಕಾಂಪ್ಯಾಕ್ಟ್ ಅಂಡ್ ರಿಪೇರ್’ ಒತ್ತಿದಾಗ ಆಕ್ಸೆಸ್ ಪೂರ್ತಿ ಹೊಸ ಪ್ರತಿ ಬರೆದು ಹಳೆಯದನ್ನು ಬದಲಿಸುತ್ತದೆ. ಆ ಹೊತ್ತಿನಲ್ಲಿ ಬೇರೆ ಯಾರೂ ಅದನ್ನು ತೆರೆದಿರಬಾರದು. ನಾಲ್ಕು ಕಂಪ್ಯೂಟರುಗಳು ಒಂದೇ ಫೈಲನ್ನು ಹಂಚಿಕೊಂಡಿರುವ ಕಚೇರಿಯಲ್ಲಿ ಇದನ್ನು ಸಂಜೆ ಎಲ್ಲರೂ ಹೋದಮೇಲೆ ಮಾಡಬೇಕು, ಹಾಗಾಗಿ ಮಾಡುವುದೇ ಇಲ್ಲ. ಹಂಚಿಕೆಯ ಫೈಲಿನಲ್ಲಿ ಫೋಟೊ ಇದ್ದರೆ ಇನ್ನೊಂದು ಕಷ್ಟ. ಆಕ್ಸೆಸ್‌ಗೆ ಸರ್ವರ್ ಇಲ್ಲ, ಓದಬೇಕಾದ ಪುಟಗಳೆಲ್ಲ ಕೇಬಲ್ಲಿನ ಮೂಲಕ ಓದುವವರ ಕಂಪ್ಯೂಟರಿಗೇ ಬರಬೇಕು. ಫೋಟೊ ಫೀಲ್ಡನ್ನೂ ಸೇರಿಸಿದ ಪಟ್ಟಿಯ ಫಾರ್ಮು ತೆರೆದರೆ ಕಚೇರಿಯ ನೆಟ್‌ವರ್ಕ್ ಪೂರ್ತಿ ಅದರಲ್ಲೇ ಮುಳುಗುತ್ತದೆ. ಫೋಟೊವನ್ನು ಒಳಗಿಡಲೇಬೇಕೆಂದಿದ್ದರೆ ಅದಕ್ಕೆ ಪ್ರತ್ಯೇಕ ಟೇಬಲ್ ಮಾಡಿ, ವಿದ್ಯಾರ್ಥಿಯ ಸಂಖ್ಯೆಯಿಂದ ಜೋಡಿಸಿ, ಒಬ್ಬರ ವಿವರ ತೆರೆದಾಗ ಮಾತ್ರ ತರಿಸಿಕೊಳ್ಳುವುದು ಸರಿಯಾದ ಕ್ರಮ.

ಉಳಿದ ಡೆಸ್ಕ್‌ಟಾಪ್ ಡೇಟಾಬೇಸುಗಳ ಸಂಗತಿ ಬೇಗ ಹೇಳಿ ಮುಗಿಸಬಹುದು. ಫಾಕ್ಸ್‌ಪ್ರೊದ ‘ಜನರಲ್’ ಫೀಲ್ಡು ಕೂಡ ಓಎಲ್‌ಇಯೇ, ಅದೇ ರೋಗ. ಬರೀ ಬೈಟುಗಳನ್ನಿಡುವ ‘ಬ್ಲಾಬ್’ ಬಗೆ ಅಲ್ಲಿಗೆ ಬಂದದ್ದು ವಿಷುಯಲ್ ಫಾಕ್ಸ್‌ಪ್ರೊ 9ರಲ್ಲಿ, ಅಂದರೆ ಆ ಉತ್ಪನ್ನದ ಕೊನೆಯ ಆವೃತ್ತಿಯಲ್ಲಿ. ಲಿಬ್ರೆಆಫೀಸ್ ಬೇಸ್‌ನಲ್ಲಿ ಒಂದು ಒಳ್ಳೆಯ ಏರ್ಪಾಡಿದೆ: ಚಿತ್ರದ ಕಂಟ್ರೋಲನ್ನು ಬೈನರಿ ಫೀಲ್ಡಿಗೆ ಕಟ್ಟಿದರೆ ಚಿತ್ರ ಒಳಗೆ ಹೋಗುತ್ತದೆ, ಅಕ್ಷರದ ಫೀಲ್ಡಿಗೆ ಕಟ್ಟಿದರೆ ಫೈಲಿನ ವಿಳಾಸ ಮಾತ್ರ ಉಳಿಯುತ್ತದೆ. ಆದರೆ ಬೇಸ್‌ನ ಫೈಲು ಒಂದು ಜಿಪ್ ಕಟ್ಟು. ಡೇಟಾಬೇಸನ್ನು ಅದರೊಳಗೇ ಇಟ್ಟು ಫೋಟೊಗಳನ್ನೂ ಅಲ್ಲಿಗೇ ತುರುಕುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಈ ಸಾಲಿನಲ್ಲಿ ಅತ್ಯಂತ ಅಚ್ಚುಕಟ್ಟಾಗಿ ಯೋಚಿಸಿದ್ದು ಫೈಲ್‌ಮೇಕರ್. ಅದರ ‘ಕಂಟೇನರ್’ ಫೀಲ್ಡು 2012ರ 12ನೆಯ ಆವೃತ್ತಿಯಿಂದ ಫೈಲನ್ನು ಹೊರಗಿನ ಫೋಲ್ಡರಿನಲ್ಲಿಟ್ಟು, ಅದರ ಉಸ್ತುವಾರಿಯನ್ನು ಮಾತ್ರ ತಾನೇ ನೋಡಿಕೊಳ್ಳಬಲ್ಲದು. ಬಳಸುವವರಿಗೆ ಒಳಗೆ ಇದ್ದಂತೆಯೇ ಕಾಣುತ್ತದೆ, ಡಿಸ್ಕಿನಲ್ಲಿ ಹೊರಗೆ ಇರುತ್ತದೆ.

ಒಳಗೋ ಹೊರಗೋ ಎಂಬ ವಾದವನ್ನು ಅಳತೆ ಮಾಡಿ ನೋಡಿದವರಲ್ಲಿ ಜಿಮ್ ಗ್ರೇ ಅವರ ಹೆಸರು ಮೊದಲು ಬರಬೇಕು. ಡೇಟಾಬೇಸ್ ವಹಿವಾಟುಗಳ ಮೇಲಿನ ಕೆಲಸಕ್ಕಾಗಿ 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು ಅವರು. 2006ರಲ್ಲಿ ರಸೆಲ್ ಸಿಯರ್ಸ್ ಮತ್ತು ಕ್ಯಾಥರೀನ್ ವ್ಯಾನ್ ಇಂಗನ್ ಜೊತೆ ಮೈಕ್ರೊಸಾಫ್ಟ್ ರಿಸರ್ಚ್‌ನಿಂದ ಅವರು ಹೊರತಂದ ವರದಿ ಇದೇ ಪ್ರಶ್ನೆಗೆ ಮೀಸಲು. ಎಸ್‌ಕ್ಯೂಎಲ್ ಸರ್ವರ್ 2005 ಒಂದು ಕಡೆ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಫೈಲ್ ವ್ಯವಸ್ಥೆ ಇನ್ನೊಂದು ಕಡೆ. ಅವರಿಗೆ ಸಿಕ್ಕಿದ ಉತ್ತರ: 256 ಕೆಬಿಗಿಂತ ಚಿಕ್ಕ ವಸ್ತುಗಳಿಗೆ ಡೇಟಾಬೇಸ್ ಮೇಲು, ಒಂದು ಎಂಬಿಗಿಂತ ದೊಡ್ಡವಕ್ಕೆ ಫೈಲ್ ವ್ಯವಸ್ಥೆ ಮೇಲು. ನಡುವಿನವುಗಳ ಪಾಡು ಎಷ್ಟು ಸಲ ಬರೆಯುತ್ತೀರಿ, ಎಷ್ಟು ಸಲ ಓದುತ್ತೀರಿ ಎಂಬುದರ ಮೇಲೆ ನಿಂತಿದೆ.

ಆ ವರದಿಯಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಈ ಎರಡು ಅಂಕಿಗಳಿಗಿಂತ ಅವರು ಅಳೆದ ಕ್ರಮ. ಹೊಸ, ಖಾಲಿ ಡಿಸ್ಕಿನ ಮೇಲೆ ಅಳೆದು ಸುಮ್ಮನಾಗಲಿಲ್ಲ. ವಸ್ತುಗಳನ್ನು ಮತ್ತೆ ಮತ್ತೆ ಬದಲಿಸುತ್ತ, ಹಳತಾದ ಸಂಗ್ರಹ ಹೇಗೆ ನಡೆದುಕೊಳ್ಳುತ್ತದೆಂದು ನೋಡಿದರು. ಅಳಿಸಿ ಬರೆದು, ಅಳಿಸಿ ಬರೆದು, ಒಂದು ಫೋಟೊದ ತುಣುಕುಗಳು ಡಿಸ್ಕಿನ ತುಂಬ ಚೆದುರಿಹೋಗುತ್ತವೆ. ಈ ಚೆದುರುವಿಕೆಯನ್ನು ದೊಡ್ಡ ವಸ್ತುಗಳ ವಿಷಯದಲ್ಲಿ ಫೈಲ್ ವ್ಯವಸ್ಥೆ ಡೇಟಾಬೇಸಿಗಿಂತ ಚೆನ್ನಾಗಿ ನಿಭಾಯಿಸಿತು. ನಮ್ಮ ಸಣ್ಣ ಕಚೇರಿಗಳ ಡೇಟಾಬೇಸುಗಳೂ ಹೀಗೆಯೇ ಹಳತಾಗುತ್ತವೆ. ಮೊದಲ ವಾರ ಸೊಗಸಾಗಿ ಓಡಿದ ಪ್ರೋಗ್ರಾಂ ಮೂರನೆಯ ವರ್ಷ ಏಕೆ ತೆವಳುತ್ತದೆ ಎಂದು ಕೇಳುವವರಿಗೆ ಅಲ್ಲಿ ಉತ್ತರವಿದೆ. ಇಂದಿನ ಎಸ್‌ಎಸ್‌ಡಿಗಳಲ್ಲಿ ತಿರುಗುವ ತಟ್ಟೆ ಇಲ್ಲ, ತುಣುಕು ಹುಡುಕುವ ಹೊತ್ತು ಬಹಳ ಕಡಿಮೆ. ಹಾಗಾಗಿ 256 ಕೆಬಿ ಎಂಬುದನ್ನು ಕಲ್ಲಿನಲ್ಲಿ ಕೊರೆದ ಗಡಿ ಎಂದುಕೊಳ್ಳಬೇಕಿಲ್ಲ. ದಿಕ್ಕು ಮಾತ್ರ ಬದಲಾಗಿಲ್ಲ.

ಅದೇ ದಿಕ್ಕನ್ನು ಎಸ್‌ಕ್ಯೂಲೈಟ್ ಇನ್ನೊಂದು ತುದಿಯಿಂದ ತೋರಿಸಿಕೊಟ್ಟಿತು. ರಿಚರ್ಡ್ ಹಿಪ್ 2000ದಲ್ಲಿ ಆರಂಭಿಸಿದ ಈ ಪುಟ್ಟ ಡೇಟಾಬೇಸ್ ಇಂದು ಪ್ರತಿಯೊಂದು ಸ್ಮಾರ್ಟ್‌ಫೋನಿನಲ್ಲೂ ಇದೆ. 2017ರಲ್ಲಿ ಅವರು ಪ್ರಕಟಿಸಿದ ಪರೀಕ್ಷೆಯಲ್ಲಿ ತಲಾ ಸುಮಾರು 10 ಕೆಬಿಯ ಒಂದು ಲಕ್ಷ ಬ್ಲಾಬ್‌ಗಳಿದ್ದವು, ಅಂದರೆ ಥಂಬ್‌ನೇಲ್ ಗಾತ್ರದವು. ಬಿಡಿ ಫೈಲುಗಳಾಗಿ ಓದುವುದಕ್ಕಿಂತ ಡೇಟಾಬೇಸಿನೊಳಗಿಂದ ಓದುವುದು ಶೇಕಡಾ 35 ಬೇಗ, ಡಿಸ್ಕಿನ ಜಾಗ ಶೇಕಡಾ 20 ಕಡಿಮೆ. ಕಾರಣ ಸರಳ. ಒಂದು ಲಕ್ಷ ಫೈಲು ಎಂದರೆ ಒಂದು ಲಕ್ಷ ಸಲ ತೆರೆಯಬೇಕು, ಒಂದು ಲಕ್ಷ ಸಲ ಮುಚ್ಚಬೇಕು. ಡೇಟಾಬೇಸನ್ನು ತೆರೆಯುವುದು ಒಂದೇ ಸಲ. ಫೈಲು ಡಿಸ್ಕಿನ ಮೇಲೆ ಇಡಿಯಾದ ಬ್ಲಾಕುಗಳನ್ನು ಹಿಡಿಯುತ್ತದೆ, ಕೊನೆಯ ಬ್ಲಾಕಿನಲ್ಲಿ ಮಿಕ್ಕದ್ದೆಲ್ಲ ಪೋಲು. ವಿಂಡೋಸ್‌ನಲ್ಲಿ ಆಂಟಿವೈರಸ್ ಇದ್ದರೆ ವ್ಯತ್ಯಾಸ ಇನ್ನೂ ಹೆಚ್ಚು, ತೆರೆದ ಪ್ರತಿ ಫೈಲನ್ನೂ ಅದು ತಪಾಸಣೆ ಮಾಡುತ್ತದೆ. ಸಾವಿರಾರು ಚಿಕ್ಕ ಫೋಟೊಗಳಿರುವ ಫೋಲ್ಡರನ್ನು ಒಂದು ಪೆನ್‌ಡ್ರೈವಿಗೆ ಕಾಪಿ ಮಾಡಿ ಕಾದು ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಎಸ್‌ಕ್ಯೂಲೈಟ್‌ನೊಳಗೆ ಫೋಟೊ ಇಡುವುದಾದರೆ ಅದರ ಪುಟದ ಲೆಕ್ಕ ತಿಳಿದಿರಬೇಕು. 2016ರಿಂದ ಅದರ ಒಂದು ಪುಟ 4,096 ಬೈಟ್. 50 ಕೆಬಿ ಫೋಟೊ ಒಂದು ಪುಟದಲ್ಲಿ ಹಿಡಿಸದೆ ಹದಿಮೂರು ಪುಟಗಳಿಗೆ ಹರಡುತ್ತದೆ, ಒಂದು ಪುಟ ಮುಂದಿನದರ ವಿಳಾಸ ಹೇಳುತ್ತ ಸರಪಳಿಯಾಗುತ್ತದೆ. ಟೇಬಲ್ಲಿನಲ್ಲಿ ಫೋಟೊ ಫೀಲ್ಡು ನಡುವೆ ಇದ್ದು, ಹುಟ್ಟಿದ ದಿನಾಂಕ ಅದರ ಆಚೆ ಇದ್ದರೆ, ದಿನಾಂಕ ಓದಲು ಸರಪಳಿಯನ್ನು ದಾಟಿ ಹೋಗಬೇಕು. ಹಾಗಾಗಿ ಫೋಟೊ ಫೀಲ್ಡು ಕೊನೆಯಲ್ಲಿರಬೇಕು, ಬೇರೆ ಟೇಬಲ್ಲಿನಲ್ಲಿದ್ದರೆ ಇನ್ನೂ ಒಳ್ಳೆಯದು. ಪುಟದ ಗಾತ್ರವನ್ನು 8,192 ಅಥವಾ 16,384ಕ್ಕೆ ಏರಿಸಿದರೆ ಸರಪಳಿ ಗಿಡ್ಡವಾಗುತ್ತದೆ. ಸುಮಾರು 100 ಕೆಬಿವರೆಗಿನ ಬ್ಲಾಬ್ ಒಳಗೇ ಇರಲಿ ಎಂಬುದು ಎಸ್‌ಕ್ಯೂಲೈಟ್‌ನವರ ಸ್ವಂತ ಅಳತೆಯಿಂದ ಬಂದ ಸಲಹೆ. ಗ್ರೇ ಅವರ 256 ಕೆಬಿಯಿಂದ ಇದು ಬಹಳ ದೂರವೇನಿಲ್ಲ.

ಫೋಟೊವನ್ನೇ ಜೀವನ ಮಾಡಿಕೊಂಡ ಪ್ರೋಗ್ರಾಮುಗಳು ಏನು ಮಾಡುತ್ತವೆ ಎಂಬುದು ಇದಕ್ಕಿಂತ ಬಲವಾದ ಸಾಕ್ಷಿ. ಮದುವೆ ಫೋಟೊಗ್ರಾಫರುಗಳ ಮೇಜಿನ ಮೇಲಿರುವ ಅಡೋಬ್ ಲೈಟ್‌ರೂಮ್‌ನ ಕ್ಯಾಟಲಾಗ್ ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್. ಅದರಲ್ಲಿ ಫೋಟೊದ ವಿಳಾಸ, ಕೀವರ್ಡು, ತಿದ್ದುಪಡಿಗಳ ವಿವರ ಇರುತ್ತದೆ. ಮೂಲ ಫೋಟೊ ಇರುವುದು ಫೋಲ್ಡರಿನಲ್ಲಿ, ನೋಡುವ ಸಣ್ಣ ಪ್ರತಿಗಳು ಮೂರನೆಯ ಜಾಗದಲ್ಲಿ. ಆ್ಯಪಲ್‌ನ ಫೋಟೋಸ್ ಕೂಡ ಎಸ್‌ಕ್ಯೂಲೈಟ್ ಮೇಲೆಯೇ ನಿಂತಿದೆ, ಮೂಲ ಚಿತ್ರಗಳು ಪಕ್ಕದ ಫೋಲ್ಡರುಗಳಲ್ಲಿ. ಉಚಿತ ತಂತ್ರಾಂಶ ಡಿಜಿಕ್ಯಾಮ್ ಇನ್ನೂ ಸ್ಪಷ್ಟ. ವಿವರಗಳಿಗೆ ಒಂದು ಡೇಟಾಬೇಸ್, ಥಂಬ್‌ನೇಲ್‌ಗಳಿಗೆ ಇನ್ನೊಂದು ಡೇಟಾಬೇಸ್, ಮೂಲ ಫೋಟೊ ನಿಮ್ಮ ಫೋಲ್ಡರಿನಲ್ಲೇ. ಥಂಬ್‌ನೇಲ್ ಡೇಟಾಬೇಸ್ ಕೆಟ್ಟುಹೋದರೆ ಅಳಿಸಿಬಿಡಬಹುದು, ಪ್ರೋಗ್ರಾಂ ಮತ್ತೆ ಕಟ್ಟಿಕೊಳ್ಳುತ್ತದೆ. ಮೂರೂ ಕಡೆ ಒಂದೇ ಹಂಚಿಕೆ. ಮೇಲಿಂದ ಮೇಲೆ ನೋಡುವ ಚಿಕ್ಕ ಪ್ರತಿ ಪ್ರೋಗ್ರಾಮಿನ ಸುಪರ್ದಿಯಲ್ಲಿ, ಮತ್ತೆ ಹುಟ್ಟದ ಮೂಲ ಪ್ರತಿ ಎಲ್ಲರೂ ಓದಬಲ್ಲ ಸಾದಾ ಫೈಲಾಗಿ.

ನಾನು ಈ ಹಂಚಿಕೆಯ ಪರ. ಆದರೆ ಹೊರಗಿಟ್ಟರೆ ಎಲ್ಲ ಸರಿಹೋಯಿತು ಎಂಬ ಮಾತಿಗೆ ನನ್ನ ಒಪ್ಪಿಗೆ ಇಲ್ಲ. ಹೊರಗಿಟ್ಟ ಫೋಟೊ ಕಾಣೆಯಾಗುತ್ತದೆ. ಡಿ ಡ್ರೈವಿನ ಫೋಟೊಗಳೆಂದು ಬರೆದಿಟ್ಟ ವಿಳಾಸ ಹೊಸ ಕಂಪ್ಯೂಟರಿನಲ್ಲಿ ಇ ಡ್ರೈವ್ ಆದ ದಿನ ಸಾವಿರ ರೆಕಾರ್ಡುಗಳೂ ಕುರುಡಾಗುತ್ತವೆ. ಯಾರೋ ಫೋಲ್ಡರಿನ ಹೆಸರನ್ನು ‘ಹೊಸ ಫೋಟೊ’ ಎಂದು ತಿದ್ದುತ್ತಾರೆ. ಬ್ಯಾಕಪ್ ತೆಗೆಯುವವರು ಡೇಟಾಬೇಸ್ ಫೈಲನ್ನು ಮಾತ್ರ ಕಾಪಿ ಮಾಡುತ್ತಾರೆ. ಇವೆಲ್ಲಕ್ಕೂ ಮದ್ದಿದೆ, ಮೊದಲ ದಿನವೇ ಹಾಕಬೇಕು. ರೆಕಾರ್ಡಿನಲ್ಲಿ ಪೂರ್ತಿ ವಿಳಾಸ ಬರೆಯಬಾರದು. ಬೇರು ಫೋಲ್ಡರು ಎಲ್ಲಿದೆ ಎಂಬುದು ಒಂದೇ ಒಂದು ಕಡೆ, ಸೆಟ್ಟಿಂಗ್ಸ್ ಟೇಬಲ್ಲಿನ ಒಂದು ಸಾಲಿನಲ್ಲಿರಬೇಕು, ಪ್ರತಿ ರೆಕಾರ್ಡಿನಲ್ಲಿ ಅದರ ಕೆಳಗಿನ ಹೆಸರು ಮಾತ್ರ. ಡೇಟಾಬೇಸ್ ಫೈಲು ಮತ್ತು ಫೋಟೊ ಫೋಲ್ಡರು ಒಂದೇ ದೊಡ್ಡ ಫೋಲ್ಡರಿನೊಳಗೆ ಅಕ್ಕಪಕ್ಕ ಇದ್ದರೆ ಬ್ಯಾಕಪ್ ತೆಗೆಯುವಾಗ ಒಂದು ಮರೆತು ಇನ್ನೊಂದು ಬರುವುದಿಲ್ಲ.

ಬರೆಯುವ, ಅಳಿಸುವ ಸರದಿಯಲ್ಲೂ ಎಚ್ಚರ ಬೇಕು. ಒಳಗಿಟ್ಟ ಫೋಟೊಗೆ ಡೇಟಾಬೇಸಿನ ವಹಿವಾಟಿನ ರಕ್ಷಣೆ ಇರುತ್ತದೆ, ಕರೆಂಟು ಹೋದರೆ ರೆಕಾರ್ಡು, ಫೋಟೊ ಎರಡೂ ಉಳಿಯುತ್ತವೆ ಅಥವಾ ಎರಡೂ ಇಲ್ಲ. ಹೊರಗಿಟ್ಟರೆ ಆ ರಕ್ಷಣೆ ನಮ್ಮದೇ ಹೊಣೆ. ಸೇರಿಸುವಾಗ ಮೊದಲು ಫೈಲನ್ನು ತಾತ್ಕಾಲಿಕ ಹೆಸರಿನಲ್ಲಿ ಬರೆಯಬೇಕು, ಪೂರ್ತಿಯಾದಮೇಲೆ ಹೆಸರು ಬದಲಿಸಬೇಕು, ರೆಕಾರ್ಡು ಬರೆಯುವುದು ಕೊನೆಗೆ. ಅಳಿಸುವಾಗ ಮೊದಲು ರೆಕಾರ್ಡು, ಆಮೇಲೆ ಫೈಲು. ಹೀಗೆ ಮಾಡಿದರೆ ನಡುವೆ ಏನೇ ಆದರೂ ಉಳಿಯುವ ತಪ್ಪು ಒಂದೇ ಬಗೆಯದು: ಯಾವ ರೆಕಾರ್ಡಿಗೂ ಸೇರದ ಅನಾಥ ಫೈಲು. ಅದು ಜಾಗ ತಿನ್ನುತ್ತದೆಯೇ ಹೊರತು ಏನನ್ನೂ ಕೆಡಿಸುವುದಿಲ್ಲ. ರೆಕಾರ್ಡು ಇದ್ದು ಫೋಟೊ ಇಲ್ಲದಿರುವುದು ಮಾತ್ರ ನಿಜವಾದ ನಷ್ಟ.

ಫೈಲಿನ ಹೆಸರಿನ ವಿಷಯ ಕನ್ನಡದವರಿಗೆ ವಿಶೇಷವಾಗಿ ಮುಖ್ಯ. ವಿದ್ಯಾರ್ಥಿಯ ಹೆಸರನ್ನೇ ಕನ್ನಡದಲ್ಲಿ ಫೈಲಿಗೆ ಇಡುವುದು ಸಹಜ ಆಸೆ, ಎಕ್ಸ್‌ಪ್ಲೋರರಿನಲ್ಲಿ ಚೆನ್ನಾಗಿಯೂ ಕಾಣುತ್ತದೆ. ಆದರೆ ಆಕ್ಸೆಸ್‌ನ ವಿಬಿಎ ಭಾಷೆಯಲ್ಲಿ ಫೈಲು ಹುಡುಕುವ ‘ಡಿರ್’ ಎಂಬ ಹಳೆಯ ಆಜ್ಞೆ ಯೂನಿಕೋಡ್ ಅರಿಯದು. ಇಂಗ್ಲಿಷ್, ರಷ್ಯನ್, ಗ್ರೀಕ್ ಭಾಷೆಗಳಿಗೆ ವಿಂಡೋಸ್‌ನಲ್ಲಿ ಹಳೆಯ ಕೋಡ್‌ಪೇಜುಗಳಿವೆ. ಕನ್ನಡಕ್ಕೆ ಅಂಥದ್ದು ಇಲ್ಲವೇ ಇಲ್ಲ, ಕನ್ನಡ ವಿಂಡೋಸ್‌ಗೆ ಬಂದದ್ದೇ ಯೂನಿಕೋಡ್ ಆಗಿ. ಹಾಗಾಗಿ ‘ಡಿರ್’ ಕೈಗೆ ಕನ್ನಡದ ಹೆಸರು ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗಿ ಸಿಗುತ್ತದೆ. ‘ಫೈಲ್‌ಸಿಸ್ಟಮ್‌ಆಬ್ಜೆಕ್ಟ್’ ಬಳಸಿದರೆ ಈ ತೊಡಕಿಲ್ಲ. ಇನ್ನೊಂದು ತೊಡಕು ಇನ್ನೂ ಸೂಕ್ಷ್ಮ. ‘ಸರೋಜ’ ಎಂಬಲ್ಲಿನ ಓಕಾರದ ಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ, ಊತ್ವ, ದೀರ್ಘ ಎಂಬ ಮೂರು ಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕು ಫೈಲಿನ ಹೆಸರನ್ನು ಬಿಡಿಯಾಗಿ ಇಟ್ಟುಕೊಳ್ಳುತ್ತಿತ್ತು. ಅಲ್ಲಿ ಜಿಪ್ ಮಾಡಿ ವಿಂಡೋಸ್‌ಗೆ ತಂದರೆ ಡೇಟಾಬೇಸಿನಲ್ಲಿರುವ ಸರೋಜ, ಡಿಸ್ಕಿನಲ್ಲಿರುವ ಸರೋಜ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ನುಡಿ, ಬರಹದ ಹಳೆಯ ಫಾಂಟುಗಳ ಕಾಲದಲ್ಲಿ ಇಟ್ಟ ಹೆಸರುಗಳಂತೂ ಎಕ್ಸ್‌ಪ್ಲೋರರಿನಲ್ಲಿ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲಾಗಿ ನಿಂತಿರುತ್ತವೆ. ಹೆಸರು ಡೇಟಾಬೇಸಿನಲ್ಲಿರಲಿ, ಕನ್ನಡದಲ್ಲೇ ಇರಲಿ. ಫೈಲಿಗೆ ಸಂಖ್ಯೆ ಸಾಕು.

ಆ ಸಂಖ್ಯೆ ಯಾವುದಾಗಬೇಕು? ರೆಕಾರ್ಡಿನ ಕ್ರಮಸಂಖ್ಯೆ ಆಗಬಹುದು. ಅದಕ್ಕಿಂತ ಒಳ್ಳೆಯದು ಫೋಟೊದ ಹ್ಯಾಶ್. ಫೈಲಿನ ಎಲ್ಲ ಬೈಟುಗಳನ್ನು ಎಸ್‌ಎಚ್‌ಎ-256 ಎಂಬ ಲೆಕ್ಕಕ್ಕೆ ಕೊಟ್ಟರೆ 64 ಅಂಕಿ-ಅಕ್ಷರಗಳ ಗುರುತು ಸಿಗುತ್ತದೆ. ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆ. ಇದನ್ನೇ ಫೈಲಿನ ಹೆಸರಾಗಿಸಿದರೆ ಒಂದೇ ಫೋಟೊ ಎರಡು ಸಲ ಸೇರಿಸಿದಾಗ ತಾನಾಗಿ ಒಂದೇ ಆಗುತ್ತದೆ. ಮೊದಲ ಎರಡು ಅಕ್ಷರದ ಪ್ರಕಾರ 256 ಫೋಲ್ಡರು ಮಾಡಿದರೆ 50,000 ಫೋಟೊಗಳೂ ಫೋಲ್ಡರಿಗೆ ಸುಮಾರು ಇನ್ನೂರರಂತೆ ಹಂಚಿಕೊಳ್ಳುತ್ತವೆ. ಎಲ್ಲಕ್ಕಿಂತ ಮುಖ್ಯ ಪ್ರಯೋಜನ ಹತ್ತು ವರ್ಷದ ನಂತರದ್ದು. ಹ್ಯಾಶನ್ನು ಮತ್ತೆ ಲೆಕ್ಕ ಹಾಕಿ ಹೆಸರಿನೊಡನೆ ಹೋಲಿಸಿದರೆ, ಹಾರ್ಡ್‌ಡಿಸ್ಕ್ ಸದ್ದಿಲ್ಲದೆ ಕೆಡಿಸಿದ ಫೋಟೊ ಯಾವುದು ಎಂಬುದು ಬ್ಯಾಕಪ್ಪಿನ ಒಳ್ಳೆಯ ಪ್ರತಿ ಇನ್ನೂ ಇರುವಾಗಲೇ ಗೊತ್ತಾಗುತ್ತದೆ.

ಎಲ್ಲಿಡಬೇಕು ಎಂಬ ಚರ್ಚೆಯ ಗದ್ದಲದಲ್ಲಿ ಎಷ್ಟು ದೊಡ್ಡದನ್ನು ಇಡಬೇಕು ಎಂಬುದು ಮರೆತುಹೋಗುತ್ತದೆ. ಗುರುತಿನ ಚೀಟಿಗೆ 12 ಮೆಗಾಪಿಕ್ಸೆಲ್ ಬೇಕಿಲ್ಲ. ಬ್ಯಾಂಕ್ ನೇಮಕಾತಿಯ ಐಬಿಪಿಎಸ್ ಅರ್ಜಿ ತುಂಬಿದವರಿಗೆ ನೆನಪಿರುತ್ತದೆ: ಫೋಟೊ 200ಕ್ಕೆ 230 ಪಿಕ್ಸೆಲ್, 20ರಿಂದ 50 ಕೆಬಿ ಒಳಗೆ. ಸೈಬರ್ ಸೆಂಟರಿನಲ್ಲಿ ಅದಕ್ಕಾಗಿ ಪರದಾಡಿದರೂ ಆ ನಿಯಮ ಸರಿಯಾದದ್ದೇ. ಅಂಥ ಫೋಟೊಗಳನ್ನು ಡೇಟಾಬೇಸಿನೊಳಗೇ ಬೈಟುಗಳಾಗಿ ಇಡುವುದನ್ನು ನಾನು ಸಂಕೋಚವಿಲ್ಲದೆ ಒಪ್ಪುತ್ತೇನೆ. ಹತ್ತು ಸಾವಿರ ಜನರ ಫೋಟೊ ಸೇರಿದರೂ ಅರ್ಧ ಜಿಬಿ ದಾಟುವುದಿಲ್ಲ. ಆದರೆ ಚಿಕ್ಕದು ಮಾಡುವ ಕೆಲಸ ಸೇರಿಸುವ ಮೊದಲೇ, ಒಂದೇ ಸಲ ಆಗಬೇಕು. ಜೆಪೆಗ್ ಅನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿ ಉಳಿಸಿದ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸೂಕ್ಷ್ಮತೆ ಕಳೆದುಹೋಗುತ್ತದೆ.

ಇನ್ನೊಂದು ತುದಿಯಲ್ಲಿ ಓಲೆಗರಿಯನ್ನು ನೋಡಿ. 18 ಅಂಗುಲ ಉದ್ದ, ಎರಡು ಅಂಗುಲ ಅಗಲದ ಗರಿಯೊಂದನ್ನು ಅಂಗುಲಕ್ಕೆ 600 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ 10,800ಕ್ಕೆ 1,200 ಪಿಕ್ಸೆಲ್, ಕುಗ್ಗಿಸದ ಟಿಫ್ ಆಗಿ ಸುಮಾರು 39 ಎಂಬಿ. ನೂರು ಗರಿಯ ಒಂದು ಕಟ್ಟು, ಎರಡೂ ಮಗ್ಗುಲು, ಸುಮಾರು 7.8 ಜಿಬಿ. ಒಂದೇ ಕಟ್ಟು ಆಕ್ಸೆಸ್‌ನ ಮಿತಿಯ ನಾಲ್ಕು ಪಾಲಿಗೆ ಹತ್ತಿರ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಂಥ ಕಡೆ ಇರುವ ಕಟ್ಟುಗಳು ಸಾವಿರಾರು. ಇಲ್ಲಿ ಒಳಗಿಡುವ ಮಾತೇ ಏಳುವುದಿಲ್ಲ, ಜೆಪೆಗ್‌ಗೆ ಕುಗ್ಗಿಸುವ ಮಾತೂ ಏಳಬಾರದು. ಕಂಟವೆಂಬ ಲೇಖನಿಯಿಂದ ಕೊರೆದ ಅಕ್ಷರದ ಅಂಚು, ಹುಳು ತಿಂದ ತೂತು, ಮಸಿ ಇಳಿಯದೆ ಉಳಿದ ಗೀರು, ಓದುವ ವಿದ್ವಾಂಸರಿಗೆ ಇವೆಲ್ಲ ಬೇಕು. ಏನನ್ನೂ ಕಳೆಯದೆ ಕುಗ್ಗಿಸುವ ವಿಧಾನ ಟಿಫ್‌ನಲ್ಲೇ ಇದೆ, ಅದನ್ನು ಬಳಸಬೇಕು. ಡೇಟಾಬೇಸಿನಲ್ಲಿ ಕೃತಿ, ಕರ್ತೃ, ಲಿಪಿ, ಗರಿಯ ಸಂಖ್ಯೆ, ಹ್ಯಾಶ್, ಜೊತೆಗೊಂದು 15 ಕೆಬಿಯ ಥಂಬ್‌ನೇಲ್. ಹತ್ತು ಸಾವಿರ ಗರಿಗಳ ಥಂಬ್‌ನೇಲ್ ಸೇರಿ 150 ಎಂಬಿ. ಪಟ್ಟಿ ಸರಸರನೆ ಸರಿಯುತ್ತದೆ, ಬೇಕಾದ ಗರಿ ಕಂಡಾಗ ಮಾತ್ರ 39 ಎಂಬಿಯ ಮೂಲ ತೆರೆಯುತ್ತದೆ.

ಈಗಾಗಲೇ ಹಳೆಯ ಆಕ್ಸೆಸ್ ಫೈಲುಗಳಲ್ಲಿ ಸಿಕ್ಕಿರುವ ಫೋಟೊಗಳನ್ನು ಹೊರತೆಗೆಯುವುದು ಇಂದು ಆಗಬೇಕಾದ ತುರ್ತು ಕೆಲಸ. ಮೊದಲು ಫೈಲಿನ ಒಂದು ಪ್ರತಿ ಮಾಡಿ, ಮುಂದಿನದೆಲ್ಲ ಆ ಪ್ರತಿಯ ಮೇಲೆಯೇ ನಡೆಯಲಿ. ಅಟ್ಯಾಚ್‌ಮೆಂಟ್ ಫೀಲ್ಡಾದರೆ ವಿಬಿಎಯಲ್ಲಿ ‘ಸೇವ್‌ಟುಫೈಲ್’ ಎಂಬ ಆಜ್ಞೆ ಇದೆ, ಒಂದು ಸಂಜೆಯ ಕೆಲಸ. ಓಎಲ್‌ಇ ಫೀಲ್ಡಾದರೆ ಒಳಗೇನಿದೆ ಎಂದು ನೋಡಬೇಕು. ಪರದೆಯ ಮೇಲೆ ಬರೀ ಐಕಾನ್ ಕಾಣುವ ‘ಪ್ಯಾಕೇಜ್’ ಬಗೆಯದ್ದು ನೋಡಲು ನಿರಾಸೆ ಹುಟ್ಟಿಸಿದರೂ ನಿಜಕ್ಕೂ ಅದೃಷ್ಟದ ಸ್ಥಿತಿ. ಅದರೊಳಗೆ ಮೂಲ ಜೆಪೆಗ್ ಫೈಲು ಕೂದಲೂ ಕೊಂಕದೆ ಕೂತಿರುತ್ತದೆ. ಫೀಲ್ಡಿನ ಬೈಟುಗಳಲ್ಲಿ ಎಫ್‌ಎಫ್ ಡಿ8 ಎಫ್‌ಎಫ್ ಎಂಬ ಮೂರು ಬೈಟು ಹುಡುಕಿದರೆ ಅಲ್ಲಿಂದ ಜೆಪೆಗ್ ಶುರು, ಎಫ್‌ಎಫ್ ಡಿ9 ಬಂದಲ್ಲಿ ಮುಗಿಯಿತು. ಮೊದಲು ಸಿಕ್ಕ ಡಿ9ಕ್ಕೇ ಕತ್ತರಿಸಬಾರದು. ಕ್ಯಾಮೆರಾದ ಫೋಟೊದ ತಲೆಭಾಗದಲ್ಲಿ ಇನ್ನೊಂದು ಪುಟ್ಟ ಜೆಪೆಗ್ ಥಂಬ್‌ನೇಲ್ ಅಡಗಿರುತ್ತದೆ, ಮೊದಲು ಸಿಗುವುದು ಅದರ ಕೊನೆ. ಪೇಂಟ್ ಮೂಲಕ ಸೇರಿಸಿದ್ದಾದರೆ ಮೂಲ ಜೆಪೆಗ್ ಒಳಗೆ ಇಲ್ಲವೇ ಇಲ್ಲ, ಉಳಿದಿರುವುದು ಬಿಟ್ಮ್ಯಾಪ್ ಮಾತ್ರ. ಅದನ್ನು ಪಿಎನ್‌ಜಿಯಾಗಿ ಉಳಿಸಿಕೊಂಡರೆ ಇರುವುದರಲ್ಲಿ ಏನೂ ಕಳೆಯುವುದಿಲ್ಲ. ಓಎಲ್‌ಇ ಲಿಂಕ್ ಆಗಿದ್ದರೆ ಹೊದಿಕೆಯೊಳಗೆ ಫೈಲಿನ ಹಳೆಯ ವಿಳಾಸ ಬರೆದಿರುತ್ತದೆ. ಆ ವಿಳಾಸ ಹಿಡಿದು ಹಳೆಯ ಹಾರ್ಡ್‌ಡಿಸ್ಕುಗಳನ್ನು, ಬೀರುವಿನಲ್ಲಿರುವ ಸಿಡಿಗಳನ್ನು ತಡಕಿ ನೋಡಬೇಕು. ಹೊರತೆಗೆದ ಪ್ರತಿ ಫೋಟೊವನ್ನೂ ಒಮ್ಮೆ ತೆರೆದು ಕಣ್ಣಾರೆ ನೋಡಿ, ರೆಕಾರ್ಡಿನ ಸಂಖ್ಯೆಯೊಡನೆ ತಾಳೆ ಹಾಕಿ, ಹ್ಯಾಶ್ ಬರೆದಿಟ್ಟ ಮೇಲೆಯೇ ಹಳೆಯ ಆಕ್ಸೆಸ್ ಫೈಲನ್ನು ಪಕ್ಕಕ್ಕಿಡಬಹುದು. ಆಗಲೂ ಅದನ್ನು ಅಳಿಸುವುದು ಬೇಡ.